ಏವನ್ ನದಿಯ ಹಳೆಯ ಬಾಗಿಲು

ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಹರಿಯುವ ಏವನ್ ನದಿ ದಿನಕ್ಕೆ ಎರಡು ಸಲ ತುಂಬಿ, ಎರಡು ಸಲ ಬರಿದಾಗುತ್ತದೆ. ಉಬ್ಬರದ ಹೊತ್ತಿನಲ್ಲಿ ದೊಡ್ಡ ಹಡಗು ತೇಲಿ ಬರುವಷ್ಟು ನೀರಿದ್ದ ಜಾಗವನ್ನು ಆರು ಗಂಟೆ ಬಿಟ್ಟು ನೋಡಿದರೆ ಎರಡೂ ಬದಿಗೆ ಕಂದು ಕೆಸರಿನ ಕಡಿದಾದ ಇಳಿಜಾರು, ತಳದಲ್ಲಿ ಸಣ್ಣದೊಂದು ಹರಿವು, ಅಷ್ಟೇ. ನದಿ ಸೇರುವ ಅಳಿವೆಯಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಉಬ್ಬರ ಇಳಿತಗಳ ಅಂತರ 12 ಮೀಟರ್ ದಾಟುತ್ತದೆ. ಜಗತ್ತಿನಲ್ಲೇ ಅತಿ ಹೆಚ್ಚು ಉಬ್ಬರವಿಳಿತ ಕಾಣುವ ಕೆಲವೇ ಜಾಗಗಳಲ್ಲಿ ಇದೂ ಒಂದು. ನಮ್ಮ ಮಂಗಳೂರಿನಲ್ಲಿ ಈ ಅಂತರ ಒಂದೂವರೆ ಮೀಟರಿನ ಆಸುಪಾಸು. ಹಾಗಾಗಿ ನವಮಂಗಳೂರು ಬಂದರಿಗೆ ಹಡಗು ನೇರವಾಗಿ ಬಂದು ಧಕ್ಕೆಗೆ ತಾಗಬಹುದು, ನಡುವೆ ಬಾಗಿಲು ಬೇಕಾಗಿಲ್ಲ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಉತ್ತರಕ್ಕೆ ಹೋದ ಹಾಗೆ ಉಬ್ಬರ ಏರುತ್ತದೆ. ಮುಂಬಯಿಯಲ್ಲಿ ಅದು ಐದು ಮೀಟರಿನ ಹತ್ತಿರ ಬರುತ್ತದೆ. 1914ರಲ್ಲಿ ಅಲೆಕ್ಸಾಂಡ್ರಾ ಡಾಕ್ ಎಂಬ ಹೆಸರಿನಲ್ಲಿ ತೆರೆದ ಇಂದಿನ ಇಂದಿರಾ ಡಾಕ್‌ಗೆ 750 ಅಡಿ ಉದ್ದ, 100 ಅಡಿ ಅಗಲದ ಲಾಕ್ ಎಂಬ ನೀರಿನ ಬಾಗಿಲು ಕಟ್ಟಬೇಕಾಗಿ ಬಂದದ್ದು ಅದಕ್ಕಾಗಿಯೇ.

ಬ್ರಿಸ್ಟಲ್‌ನ ಉಬ್ಬರ ಇಷ್ಟು ದೊಡ್ಡದಾಗಲು ಎರಡು ಕಾರಣಗಳಿವೆ. ಅಟ್ಲಾಂಟಿಕ್‌ನಿಂದ ಬರುವ ನೀರು ಒಳಗೆ ಬಂದಷ್ಟೂ ಕಿರಿದಾಗುವ, ಆಳ ಕಡಿಮೆಯಾಗುವ ಕೊಲ್ಲಿಗೆ ನುಗ್ಗುತ್ತದೆ. ಹರಡಲು ಜಾಗವಿಲ್ಲದೆ ಮೇಲೇರುತ್ತದೆ. ಅದರ ಜೊತೆಗೆ ಆ ಕೊಲ್ಲಿಯ ಉದ್ದಕ್ಕೆ ತಕ್ಕಂತೆ ನೀರಿಗೆ ತನ್ನದೇ ಒಂದು ತೂಗಾಟದ ಕಾಲವಿದೆ, ಅದು ಚಂದ್ರನ ಸೆಳೆತದ ಹನ್ನೆರಡೂವರೆ ಗಂಟೆಯ ಲಯಕ್ಕೆ ಹತ್ತಿರವಾಗಿದೆ. ಉಯ್ಯಾಲೆ ಹಿಂದಕ್ಕೆ ಬಂದ ಕ್ಷಣಕ್ಕೇ ಸರಿಯಾಗಿ ತಳ್ಳಿದರೆ ಸಣ್ಣ ನೂಕಿಗೂ ದೊಡ್ಡ ತೂಗಾಟ ಸಿಗುವ ಹಾಗೆ, ಇಲ್ಲಿ ಪ್ರತಿ ಉಬ್ಬರವೂ ಹಿಂದಿನದಕ್ಕೆ ಬಲ ಕೊಡುತ್ತದೆ.

ಹದಿನೆಂಟನೆಯ ಶತಮಾನದ ಬ್ರಿಸ್ಟಲ್‌ಗೆ ಇದು ವರವೂ ಹೌದು, ಶಾಪವೂ ಹೌದು. ಉಬ್ಬರದ ಬೆನ್ನೇರಿ ಹಡಗುಗಳು ಸಮುದ್ರದಿಂದ ಹತ್ತು ಕಿಲೋಮೀಟರಿಗೂ ಹೆಚ್ಚು ಒಳಗೆ, ಊರಿನ ನಡುಮಧ್ಯಕ್ಕೇ ಬರುತ್ತಿದ್ದವು. ಇಳಿತ ಶುರುವಾದರೆ ಕೆಸರಿನ ಮೇಲೆ ಕೂತುಬಿಡುತ್ತಿದ್ದವು. ತುಂಬಿದ ಹಡಗು ಹೀಗೆ ದಿನಕ್ಕೆರಡು ಸಲ ನೆಲಕ್ಕೆ ಕೂತು ಏಳುವಾಗ ಅದರ ಬೆನ್ನೆಲುಬಿನ ಮರ ಬಾಗುತ್ತದೆ, ಹಲಗೆಗಳ ಸಂದು ಬಿಡುತ್ತದೆ, ಪೀಪಾಯಿಗಳು ಉರುಳುತ್ತವೆ. ಅತ್ತ ಲಿವರ್‌ಪೂಲ್ 1715ರಲ್ಲೇ ನೀರನ್ನು ಗೇಟಿನ ಹಿಂದೆ ಹಿಡಿದಿಟ್ಟುಕೊಳ್ಳುವ ಡಾಕ್ ಕಟ್ಟಿ ಮುಂದೆ ಹೋಗಿತ್ತು. ಬ್ರಿಸ್ಟಲ್‌ನ ವರ್ತಕರಿಗೆ ಕಳೆದುಕೊಳ್ಳಲು ಬಹಳವಿತ್ತು. ಆ ಸಂಪತ್ತು ಎಲ್ಲಿಂದ ಬಂದಿತ್ತು ಎಂಬುದನ್ನೂ ಇಲ್ಲಿಯೇ ಹೇಳಬೇಕು. 1698ರಿಂದ 1807ರವರೆಗೆ ಬ್ರಿಸ್ಟಲ್‌ನಿಂದ ಎರಡು ಸಾವಿರಕ್ಕೂ ಹೆಚ್ಚು ಹಡಗುಯಾನಗಳು ಆಫ್ರಿಕಾದ ಜನರನ್ನು ಗುಲಾಮರನ್ನಾಗಿ ಸಾಗಿಸಲು ಹೊರಟವು. ಹೀಗೆ ಸಾಗಿಸಲ್ಪಟ್ಟವರ ಸಂಖ್ಯೆ ಸುಮಾರು ಐದು ಲಕ್ಷ ಎಂಬುದು ಇತಿಹಾಸಕಾರರ ಅಂದಾಜು. ಆ ವ್ಯಾಪಾರವನ್ನು ಬ್ರಿಟನ್ ಕಾನೂನಿನಿಂದ ನಿಲ್ಲಿಸಿದ 1807ರಲ್ಲಿ ಬ್ರಿಸ್ಟಲ್‌ನ ಹೊಸ ಬಂದರಿನ ಕೆಲಸ ಅರ್ಧ ಮುಗಿದಿತ್ತು. ಆ ಊರಿನ ಬಂದರಿನ ಕಲ್ಲುಗಳ ಬಗ್ಗೆ ಅಭಿಮಾನದಿಂದ ಬರೆಯುವ ಯಾರೂ ಈ ಲೆಕ್ಕವನ್ನು ಬಿಟ್ಟು ಬರೆಯಬಾರದು.

ಹೊಸ ಬಂದರಿನ ಯೋಜನೆ ವಿಲಿಯಂ ಜೆಸಪ್ ಎಂಬ ಎಂಜಿನಿಯರನದು. 1804ರ ಮೇ 1ರಂದು ಕೆಲಸ ಶುರುವಾಗಿ, 1809ರ ಮೇ 1ರಂದು ಬಂದರು ತೆರೆಯಿತು. ಜೆಸಪ್ ಹೊಸದಾಗಿ ಹೊಂಡ ತೋಡಿ ಡಾಕ್ ಕಟ್ಟಲಿಲ್ಲ. ಊರಿನ ನಡುವೆ ಹರಿಯುತ್ತಿದ್ದ ನದಿಯನ್ನೇ ಎರಡೂ ಕಡೆ ಕಟ್ಟೆ ಹಾಕಿ ಹಿಡಿದಿಟ್ಟ. ನದಿಗೆ ದಕ್ಷಿಣದಲ್ಲಿ ನ್ಯೂ ಕಟ್ ಎಂಬ ಹೊಸ ಪಾತ್ರವನ್ನು ಅಗೆದು ಕೊಟ್ಟ. ಉಬ್ಬರವಿಳಿತ ಆ ಪಾತ್ರದಲ್ಲಿ ತನ್ನ ಪಾಡಿಗೆ ನಡೆಯಲಿ, ಹಳೆಯ ಪಾತ್ರದ ಸುಮಾರು 70 ಎಕರೆ ನೀರು ಸದಾ ಒಂದೇ ಮಟ್ಟದಲ್ಲಿ ನಿಲ್ಲಲಿ ಎಂಬುದು ಅವನ ಲೆಕ್ಕ. ಇಲ್ಲಿ ಹಡಗು ಕೆಸರಿಗೆ ಕೂರದೆ ಸದಾ ತೇಲುವುದರಿಂದ ಇದಕ್ಕೆ ಫ್ಲೋಟಿಂಗ್ ಹಾರ್ಬರ್ ಎಂದೇ ಹೆಸರಾಯಿತು. ಖರ್ಚು ಅಂದಾಜನ್ನು ಬಹಳ ಮೀರಿ ಆರು ಲಕ್ಷ ಪೌಂಡಿನ ಹತ್ತಿರ ಹೋಯಿತು. ಆ ಸಾಲದ ಹೊರೆಯಿಂದ ಬಂದರಿನ ಶುಲ್ಕ ದುಬಾರಿಯಾಯಿತು, ಆ ದುಬಾರಿ ಶುಲ್ಕ ಮುಂದೆ ಹಡಗುಗಳನ್ನೇ ಓಡಿಸಿತು. ಕೆಲಸ ಮುಗಿದ ಸಂತೋಷಕ್ಕೆ ಸಾವಿರ ಕಾರ್ಮಿಕರಿಗೆ ಹಾಕಿಸಿದ ಊಟ, ಹಂಚಿದ ಬಿಯರ್ ಇಂಗ್ಲಿಷ್ ಮತ್ತು ಐರಿಷ್ ಕಾರ್ಮಿಕರ ಹೊಡೆದಾಟದಲ್ಲಿ ಕೊನೆಗೊಂಡಿತು ಎಂದು ಊರಿನ ಚರಿತ್ರೆ ಹೇಳುತ್ತದೆ.

ಒಂದೇ ಮಟ್ಟದ ಬಂದರು, ಏರಿಳಿಯುವ ನದಿ. ಇವೆರಡರ ನಡುವೆ ಹಡಗು ಹೇಗೆ ಓಡಾಡಬೇಕು? ಬರೀ ಒಂದು ಗೇಟಿದ್ದರೆ, ನದಿಯ ಮಟ್ಟವೂ ಬಂದರಿನ ಮಟ್ಟವೂ ಸರಿಸಮವಾದ ಆ ಕೆಲವೇ ನಿಮಿಷ ಮಾತ್ರ ಅದನ್ನು ತೆರೆಯಬಹುದು. ಲಾಕ್ ಎಂದರೆ ಎರಡು ಗೇಟುಗಳ ನಡುವಿನ ನೀರಿನ ಕೋಣೆ. ಹಡಗು ನದಿಯಿಂದ ಕೋಣೆಗೆ ಬರುತ್ತದೆ, ಹೊರಗಿನ ಗೇಟು ಮುಚ್ಚುತ್ತದೆ, ತೂಬು ತೆರೆದು ಬಂದರಿನ ನೀರನ್ನು ಕೋಣೆಗೆ ಬಿಡುತ್ತಾರೆ. ಕೋಣೆಯ ನೀರು ಬಂದರಿನ ಮಟ್ಟಕ್ಕೆ ಏರಿದ ಮೇಲೆ ಒಳಗಿನ ಗೇಟು ತೆರೆಯುತ್ತದೆ. ಪಂಪು ಬೇಡ, ಎತ್ತುವ ಯಂತ್ರ ಬೇಡ; ನೀರು ತನ್ನ ಭಾರದಿಂದಲೇ ಹರಿದು ಸಾವಿರಾರು ಟನ್ನಿನ ಹಡಗನ್ನು ಎತ್ತುತ್ತದೆ. ಜೆಸಪ್ ಇದನ್ನು ಇನ್ನೂ ಒಂದು ಹೆಜ್ಜೆ ಮುಂದೆ ಒಯ್ದ. ನದಿಗೂ ಬಂದರಿಗೂ ನಡುವೆ ಕಂಬರ್ಲೆಂಡ್ ಬೇಸಿನ್ ಎಂಬ ದೊಡ್ಡ ಕೊಳ ಕಟ್ಟಿಸಿ, ನದಿಯ ಕಡೆಗೆ ಎರಡು ಪ್ರವೇಶ ಲಾಕ್‌ಗಳನ್ನೂ ಬಂದರಿನ ಕಡೆಗೆ ಜಂಕ್ಷನ್ ಲಾಕ್ ಎಂಬ ಇನ್ನೊಂದನ್ನೂ ಇಟ್ಟ. ಉಬ್ಬರದ ಹೊತ್ತಿಗೆ ಹೊರಟ ಹಡಗುಗಳೂ ಬಂದ ಹಡಗುಗಳೂ ಈ ಕೊಳದಲ್ಲಿ ಒಟ್ಟಾಗುತ್ತಿದ್ದವು. ಇಡೀ ಬೇಸಿನ್ ಒಂದು ದೊಡ್ಡ ಲಾಕ್‌ನ ಕೆಲಸ ಮಾಡುತ್ತಿತ್ತು, ಒಳಗಿನ ಬಂದರಿನ ನೀರು ಕದಲುತ್ತಿರಲಿಲ್ಲ.

ಲಾಕ್‌ನ ಗೇಟನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಸಾಮಾನ್ಯವಾಗಿ ಅದು ಜೋಡಿ ಕದ. ಮುಚ್ಚಿದಾಗ ಎರಡು ಕದಗಳು ನೇರ ಗೆರೆಯಲ್ಲಿ ನಿಲ್ಲುವುದಿಲ್ಲ, ನೀರು ಹೆಚ್ಚಿರುವ ಕಡೆಗೆ ಮೂಲೆ ಚಾಚಿ ಸಂಧಿಸುತ್ತವೆ. ನೀರು ಒತ್ತಿದಷ್ಟೂ ಕದಗಳು ಒಂದನ್ನೊಂದು ಬಿಗಿಯಾಗಿ ಅದುಮುತ್ತವೆ. ಒತ್ತಡ ಎರಡೂ ಬದಿಯ ಕಲ್ಲಿನ ಗೋಡೆಗೂ ಕೆಳಗಿನ ಹೊಸ್ತಿಲಿಗೂ ಹಂಚಿಹೋಗುತ್ತದೆ. ಚಿಲಕ ಬೇಡ, ನೀರೇ ಚಿಲಕ. ಹದಿನೈದನೆಯ ಶತಮಾನದ ಕೊನೆಯಲ್ಲಿ ಮಿಲಾನ್ ನಗರದ ಕಾಲುವೆಗಳಿಗಾಗಿ ಲಿಯೊನಾರ್ಡೊ ಡ ವಿಂಚಿ ಇಂಥ ಗೇಟುಗಳನ್ನು ಚಿತ್ರಿಸಿದ್ದಾನೆ. ಆ ವಿನ್ಯಾಸ ಇಂದಿಗೂ ಬದಲಾಗಿಲ್ಲ. ಅದರ ಮೇಲೆ ಬೀಳುವ ಭಾರ ಎಷ್ಟು? ಲಾಕ್‌ನ ಅಗಲ 16.5 ಮೀಟರ್, ಒಳಗಿನ ನೀರಿನ ಆಳ 10 ಮೀಟರ್, ಹೊರಗೆ ಇಳಿತದಿಂದ ನೀರೇ ಇಲ್ಲ ಎಂದುಕೊಳ್ಳೋಣ. ನೀರಿನ ಒತ್ತಡ ಮೇಲ್ಮೈಯಲ್ಲಿ ಸೊನ್ನೆ, ತಳದಲ್ಲಿ ಚದರ ಮೀಟರಿಗೆ 10 ಟನ್, ಸರಾಸರಿ 5 ಟನ್. ಗೇಟು ಅಡ್ಡವಾಗಿ ಮುಚ್ಚುವ ವಿಸ್ತೀರ್ಣ 165 ಚದರ ಮೀಟರ್. ಗುಣಿಸಿದರೆ 825 ಟನ್. ಇದು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಕಲ್ಲಿನ ಸಂದುಗಳಿಗೆ, ಗೇಟಿನ ತಿರುಗಣಿಗೆ ನಿಜವಾದ ಶತ್ರು ಆ ಭಾರವಲ್ಲ, ಈ ಏರಿಳಿತ.

ಹಾಗಾದರೆ ಗಾರೆ ಗಟ್ಟಿಯಾಗಿರಬೇಕು. ಮಾಮೂಲಿ ಸುಣ್ಣದ ಗಾರೆ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಗಟ್ಟಿಯಾಗುತ್ತದೆ, ನೀರಿನಡಿ ಅದು ಮೆತ್ತಗೇ ಉಳಿಯುತ್ತದೆ. ಜೇಡಿಯ ಅಂಶವಿರುವ ಸುಣ್ಣಕಲ್ಲನ್ನು ಸುಟ್ಟರೆ ಬರುವ ಸುಣ್ಣ ನೀರಿನೊಳಗೂ ಗಟ್ಟಿಯಾಗುತ್ತದೆ ಎಂಬುದನ್ನು ಜಾನ್ ಸ್ಮೀಟನ್ ಎಂಬ ಎಂಜಿನಿಯರ್ 1750ರ ದಶಕದಲ್ಲಿ ಎಡಿಸ್ಟೋನ್ ದೀಪಸ್ತಂಭ ಕಟ್ಟುವಾಗ ಪ್ರಯೋಗ ಮಾಡಿ ಕಂಡುಕೊಂಡ. ಜೆಸಪ್ ಅದೇ ಸ್ಮೀಟನ್‌ನ ಬಳಿ ಪಳಗಿದವನು. ಜೆಸಪ್‌ನ ತಂದೆ ಆ ದೀಪಸ್ತಂಭದ ಕೆಲಸದಲ್ಲೇ ಮೇಸ್ತ್ರಿಯಾಗಿದ್ದವನು. ಸುಟ್ಟ ಜೇಡಿಯಲ್ಲಿರುವ ಸಿಲಿಕಾ ಸುಣ್ಣದೊಡನೆ ಸೇರಿ ನೀರು ಕರಗಿಸಲಾಗದ ಸಂಯುಕ್ತವಾಗುವುದೇ ಇದರ ಗುಟ್ಟು. ಇಟ್ಟಿಗೆ ಪುಡಿ ಬೆರೆಸಿದ ನಮ್ಮ ಸುರ್ಕಿ ಗಾರೆಯಲ್ಲಿ ನಡೆಯುವುದೂ ಇದೇ ರಸಾಯನ ಕ್ರಿಯೆ. ಕೃಷ್ಣರಾಜಸಾಗರದ ಕಟ್ಟೆ ನಿಂತಿರುವುದು ಆ ಗಾರೆಯ ಮೇಲೆ. ಹಳೆಯ ಲಾಕ್‌ಗಳನ್ನು ದುರಸ್ತಿ ಮಾಡುವವರು ಇದನ್ನು ಮರೆತು ಸಂದುಗಳಿಗೆ ಸಿಮೆಂಟ್ ಮೆತ್ತಿದಾಗ ಆಗುವ ಹಾನಿ ದೊಡ್ಡದು. ಸುಣ್ಣದ ಗಾರೆ ಸ್ವಲ್ಪ ಬಾಗುತ್ತದೆ, ಉಸಿರಾಡುತ್ತದೆ. ಸಿಮೆಂಟ್ ಬಿಗಿಯಾಗಿ ನಿಂತು ತೇವವನ್ನೂ ಉಪ್ಪನ್ನೂ ಕಲ್ಲಿನ ಒಳಗೇ ಕೂಡಿಹಾಕುತ್ತದೆ. ಕೆಲವು ವರ್ಷಗಳಲ್ಲಿ ಸಿಮೆಂಟ್ ಹಾಗೇ ಇರುತ್ತದೆ, ಕಲ್ಲಿನ ಅಂಚು ಉದುರಿರುತ್ತದೆ.

ಇನ್ನು ಹೂಳು. ಪ್ರತಿ ಉಬ್ಬರವೂ ಅಳಿವೆಯ ಕೆಸರನ್ನು ಒಳಗೆ ತರುತ್ತದೆ. ನಿಂತ ನೀರು ಸಿಕ್ಕರೆ ಅದು ಅಲ್ಲೇ ಕೂರುತ್ತದೆ. ಮೇಲಿನಿಂದ ನದಿ ತರುವ ಮಣ್ಣು, ಊರಿನ ಕೊಳಕು ಬೇರೆ. ಜೆಸಪ್‌ನ ಕಟ್ಟೆಯಲ್ಲಿ ಹೆಚ್ಚಾದ ನೀರು ಕೋಡಿಯ ಮೇಲಿಂದ ಹರಿದು ಹೋಗುತ್ತಿತ್ತು. ಕೋಡಿಯ ಮೇಲೆ ಹೋಗುವುದು ತಿಳಿನೀರು, ಹೂಳು ತಳದಲ್ಲಿ ಉಳಿಯುತ್ತದೆ. ಕೆರೆ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. 1830ರ ದಶಕದ ಆರಂಭದಲ್ಲಿ ಬಂದರನ್ನು ನಡೆಸುತ್ತಿದ್ದ ಕಂಪನಿ ಸಲಹೆ ಕೇಳಿದ್ದು ಇಸಾಂಬಾರ್ಡ್ ಕಿಂಗ್‌ಡಮ್ ಬ್ರೂನೆಲ್ ಎಂಬ ತರುಣನನ್ನು. ಆಗ ಅವನಿಗೆ ಇಪ್ಪತ್ತಾರು ವರ್ಷ. ಕೋಡಿಯ ಬದಲು ಕಟ್ಟೆಯ ತಳದಲ್ಲೇ ತೂಬು ಇಡಿ, ಇಳಿತದ ಹೊತ್ತಿಗೆ ತೆರೆಯಿರಿ, ಬಂದರಿನ ನೀರೇ ಹೂಳನ್ನು ಕೊಚ್ಚಿಕೊಂಡು ನದಿಗೆ ಇಳಿಯುತ್ತದೆ ಎಂದ. ಅಂಡರ್‌ಫಾಲ್ ಎಂದು ಕರೆಯುವ ಆ ತೂಬುಗಳ ವ್ಯವಸ್ಥೆ ಮುಂದೆ ಸುಧಾರಣೆಗೊಂಡು ಇಂದಿಗೂ ಅದೇ ತತ್ವದ ಮೇಲೆ ಕೆಲಸ ಮಾಡುತ್ತಿದೆ. ಬ್ರೂನೆಲ್‌ನ ಸೇತುವೆ, ಹಡಗುಗಳ ಬಗ್ಗೆ ಲೋಕವೆಲ್ಲ ಮಾತಾಡುತ್ತದೆ. ನನಗೆ ಅವನ ಬುದ್ಧಿ ಅತ್ಯಂತ ಸ್ವಚ್ಛವಾಗಿ ಕಾಣುವುದು ಈ ತೂಬಿನಲ್ಲಿ.

ಅದೇ ಬ್ರೂನೆಲ್ ಬ್ರಿಸ್ಟಲ್‌ನ ಬಂದರಿನೊಳಗೆ ಗ್ರೇಟ್ ಬ್ರಿಟನ್ ಎಂಬ ಹಡಗನ್ನು ಕಟ್ಟಿದ. ಕಬ್ಬಿಣದ ಮೈ, ಹಿಂದೆ ತಿರುಗುವ ಪ್ರೊಪೆಲ್ಲರ್, 322 ಅಡಿ ಉದ್ದ, ಸುಮಾರು 15.4 ಮೀಟರ್ ಅಗಲ. ಆ ಕಾಲಕ್ಕೆ ಜಗತ್ತಿನ ಅತಿ ದೊಡ್ಡ ಹಡಗು. 1843ರ ಜುಲೈ 19ರಂದು ನೀರಿಗಿಳಿಯಿತು. ಅದು ಹೊರಗೆ ಹೋಗಬೇಕಾದ ಬಾಗಿಲುಗಳು ಮೂವತ್ತೈದು ವರ್ಷ ಹಿಂದಿನ ಹಡಗುಗಳ ಅಳತೆಗೆ ಕಟ್ಟಿದವು. ಮರದ ಹಡಗು ಎಷ್ಟು ಬೆಳೆದೀತು ಎಂಬುದಕ್ಕೆ ಮರದ ಉದ್ದವೇ ಮಿತಿ ಹಾಕುತ್ತಿತ್ತು, ಜೆಸಪ್ ಅದನ್ನು ನಂಬಿ ಅಳತೆ ಹಾಕಿದ್ದ. ಕಬ್ಬಿಣ ಆ ಮಿತಿಯನ್ನು ಕಿತ್ತುಹಾಕಿತು. ಹಡಗು ಒಂದು ವರ್ಷಕ್ಕೂ ಮೇಲೆ ಬಂದರಿನಲ್ಲೇ ಸಿಕ್ಕಿಕೊಂಡಿತು. 1844ರ ಅಕ್ಟೋಬರ್ ಕೊನೆಯಲ್ಲಿ ಒಳಗಿನ ಲಾಕ್‌ನ ಕಲ್ಲುಗಳನ್ನು ಬಿಚ್ಚಿ ಬೇಸಿನ್‌ಗೆ ತಂದದ್ದಾಯಿತು. ಡಿಸೆಂಬರ್‌ನ ದೊಡ್ಡ ಉಬ್ಬರಕ್ಕೆ ಕಾದು ಹೊರಗಿನ ಲಾಕ್‌ಗೆ ತಂದರೆ ಅಲ್ಲಿ ಸಿಕ್ಕಿಕೊಂಡಿತು. ನೀರು ಇಳಿಯತೊಡಗಿದರೆ ಹಡಗು ಎರಡು ಗೋಡೆಗಳ ನಡುವೆ ತೂಗುಬಿದ್ದು ಬೆನ್ನು ಮುರಿದುಕೊಳ್ಳುವುದು ಖಚಿತ. ಹಡಗನ್ನು ಹೊರತರುವ ಕೆಲಸ ನೋಡಿಕೊಳ್ಳುತ್ತಿದ್ದ ಕ್ಯಾಪ್ಟನ್ ಕ್ಲಾಕ್ಸ್‌ಟನ್ ಹೇಗೋ ಅದನ್ನು ಹಿಂದಕ್ಕೆ ಎಳೆಸಿದ. ಮುಂದಿನ ಉಬ್ಬರಕ್ಕೆ ಮುಂಚೆ ಗೋಡೆಯ ಮೇಲಂಚಿನ ಕಲ್ಲುಗಳನ್ನೂ ಗೇಟಿನ ಪಕ್ಕದ ಕಟ್ಟಣೆಯನ್ನೂ ಕಿತ್ತರು. ಲಾಕ್‌ನ ಗೋಡೆಗಳ ನಡುವಿನ ಜಾಗ ಕೆಳಗೆ ಹೋದಂತೆ ಕಿರಿದಾಗುತ್ತದೆ, ಹಡಗಿನ ಮೈ ಮೇಲೆ ಬಂದಂತೆ ಅಗಲವಾಗುತ್ತದೆ. ಆದ್ದರಿಂದ ಮೇಲಂಚಿನ ಒಂದೆರಡು ವರಸೆ ಕಲ್ಲು ತೆಗೆದರೂ ಸಾಕಾಗಿತ್ತು. ಬ್ರೂನೆಲ್ ಬೇರೆ ಊರಿನ ರೈಲ್ವೆ ಕೆಲಸಕ್ಕೆ ಬರಲಾಗದು ಎಂದು ತಿಳಿಸಿ ಸ್ಥಳದಲ್ಲೇ ನಿಂತಿದ್ದ. ಆ ರಾತ್ರಿಯ ಉಬ್ಬರದಲ್ಲಿ ಹಡಗು ನದಿಗಿಳಿಯಿತು.

ಪಾಠ ಕಲಿತ ಬ್ರಿಸ್ಟಲ್ ದಕ್ಷಿಣದ ಪ್ರವೇಶ ಲಾಕನ್ನು ಮತ್ತೆ ಕಟ್ಟುವ ಕೆಲಸವನ್ನು ಬ್ರೂನೆಲ್‌ಗೇ ಒಪ್ಪಿಸಿತು. 1849ರಲ್ಲಿ ಮುಗಿದ ಆ ಲಾಕ್‌ನ ಅಗಲ 54 ಅಡಿ, ಉದ್ದ 262 ಅಡಿ. ಈ ಅಧ್ಯಾಯ ಬರೆಯಲು ಕಾರಣವಾದದ್ದು ಅದೇ.

ಬ್ರೂನೆಲ್ ಇಲ್ಲಿ ಜೋಡಿ ಕದ ಬಿಟ್ಟು ಒಂಟಿ ಕದ ಹಾಕಿದ. ಮೂಲೆ ಚಾಚಿದ ಜೋಡಿ ಕದ ಕಮಾನಿನ ಹಾಗೆ ಭಾರವನ್ನು ಅದುಮಿ ದಾಟಿಸುತ್ತದೆ, ಅದಕ್ಕೆ ಮರ ಸಾಕು. ಒಂಟಿ ಕದ ತೊಲೆಯ ಹಾಗೆ ಇಡೀ ಅಗಲಕ್ಕೆ ಬಾಗುತ್ತದೆ, ಅದಕ್ಕೆ ಕಬ್ಬಿಣವೇ ಬೇಕು. ಆದರೆ 54 ಅಡಿಯ ಕಬ್ಬಿಣದ ಕದವನ್ನು ತಿರುಗಣಿಯ ಮೇಲೆ ತೂಗುಹಾಕಿದರೆ ತಿರುಗಣಿ ಉಳಿಯುವುದಿಲ್ಲ. ಅದಕ್ಕೆ ಕದದ ಒಳಗೇ ಗಾಳಿ ತುಂಬಿದ ಟೊಳ್ಳು ಕೋಣೆಗಳನ್ನು ಮಾಡಿಸಿದ. ಉಬ್ಬರದ ನೀರಿನಲ್ಲಿ ಕದ ಅರ್ಧ ತೇಲುತ್ತದೆ, ತಿರುಗಣಿಯ ಮೇಲೆ ಭಾರ ಕಡಿಮೆಯಾಗುತ್ತದೆ. ಕಬ್ಬಿಣದ ಹಡಗು ಕಟ್ಟಿದವನು ಹಡಗಿನ ಜಾಣ್ಮೆಯನ್ನೇ ಬಾಗಿಲಿಗೂ ತಂದಿದ್ದ. ಲಾಕ್‌ನ ತಳ ಮತ್ತು ಗೋಡೆಗಳನ್ನು ಒಂದೇ ಬಾಗಿನಲ್ಲಿ ಕಟ್ಟಿಸಿದ. ಹೊರಗಿನ ಮಣ್ಣೂ ಅಂತರ್ಜಲವೂ ಗೋಡೆಗಳನ್ನು ಒಳಕ್ಕೆ ತಳ್ಳುವಾಗ ಬಾಗಿದ ತಳ ಮಗುಚಿದ ಕಮಾನಾಗಿ ಅವನ್ನು ದೂರ ಹಿಡಿಯುತ್ತದೆ.

ಲಾಕ್‌ನ ಮೇಲೆ ರಸ್ತೆ ದಾಟಿಸಲು ಪಕ್ಕಕ್ಕೆ ತಿರುಗುವ ಸೇತುವೆಯೊಂದನ್ನೂ ಅವನೇ ರೂಪಿಸಿದ. ಮೆದು ಕಬ್ಬಿಣದ ತಗಡುಗಳನ್ನು ರಿವೆಟ್ ಹೊಡೆದು ಜೋಡಿಸಿದ ತೊಲೆಗಳು. ತೊಲೆಯ ಮೇಲಂಚು ಚಪ್ಪಟೆಯಾಗಿಲ್ಲ, ಟೊಳ್ಳು ಕೊಳವೆಯಾಗಿದೆ. ತೆಳ್ಳಗಿನ ತಗಡನ್ನು ಉದ್ದಕ್ಕೆ ಅದುಮಿದರೆ ಅದು ಮುರಿಯುವ ಮುಂಚೆಯೇ ಸೊಟ್ಟಗಾಗುತ್ತದೆ, ಅದೇ ತಗಡನ್ನು ಕೊಳವೆಯಾಗಿ ಸುತ್ತಿದರೆ ಸೊಟ್ಟಗಾಗುವುದು ಕಷ್ಟ. ತಿರುಗುವ ಸೇತುವೆಯಲ್ಲಿ ಈ ಪ್ರಶ್ನೆ ಇನ್ನಷ್ಟು ತೊಡಕು. ಮುಚ್ಚಿದಾಗ ಎರಡೂ ತುದಿಗೆ ಆಸರೆಯಿರುವುದರಿಂದ ವಾಹನದ ಭಾರಕ್ಕೆ ಮೇಲಂಚು ಅದುಮಿಕೊಳ್ಳುತ್ತದೆ. ತೆರೆದಾಗ ತುದಿ ಗಾಳಿಯಲ್ಲಿ ನಿಂತು ಅದೇ ಮೇಲಂಚು ಎಳೆದುಕೊಳ್ಳುತ್ತದೆ. ಒಂದೇ ಕಬ್ಬಿಣ ಎರಡು ಬಗೆಯ ಹಿಂಸೆಯನ್ನು ಸರದಿಯಂತೆ ತಡೆಯಬೇಕು. ಬ್ರೂನೆಲ್ ಮುಂದೆ ಚೆಪ್‌ಸ್ಟೋದಲ್ಲಿ, 1859ರಲ್ಲಿ ತೆರೆದ ಸಾಲ್ಟ್ಯಾಷ್‌ನ ರಾಯಲ್ ಆಲ್ಬರ್ಟ್ ಸೇತುವೆಯಲ್ಲಿ ದೊಡ್ಡ ಕೊಳವೆಗಳನ್ನು ಬಳಸಿದ್ದಕ್ಕೆ ಮೊದಲ ಅಭ್ಯಾಸ ಇಲ್ಲಿ ನಡೆಯಿತು.

ಆದರೆ ಹೊಸ ಲಾಕ್ ಯಾವ ಹಡಗಿಗಾಗಿ ಹುಟ್ಟಿತೋ ಆ ಹಡಗು ಅತ್ತ ಬರಲೇ ಇಲ್ಲ. ಗ್ರೇಟ್ ಬ್ರಿಟನ್ 1845ರಲ್ಲಿ ಅಮೆರಿಕಕ್ಕೆ ಹೊರಟದ್ದು ಲಿವರ್‌ಪೂಲ್‌ನಿಂದ. 1851ರ ನವೆಂಬರ್‌ನಲ್ಲಿ ಡೆಮೆರಾರಾ ಎಂಬ ಇನ್ನೊಂದು ದೊಡ್ಡ ಹಡಗು ಬ್ರಿಸ್ಟಲ್‌ನಿಂದ ಹೊರಟು, ಲಾಕ್ ದಾಟಿ, ನದಿಯ ತಿರುವಿನಲ್ಲಿ ದಡಕ್ಕೆ ಸಿಕ್ಕಿ, ಇಳಿತದಲ್ಲಿ ಬೆನ್ನು ಮುರಿದುಕೊಂಡಿತು. ಬಾಗಿಲು ಅಗಲ ಮಾಡಿದರೆ ಸಾಲದು, ದಾರಿಯೂ ಅಗಲವಾಗಬೇಕು. ಕಡಿದಾದ ಬಂಡೆಗಳ ನಡುವೆ ಸುತ್ತಿ ಹರಿಯುವ ಏವನ್ ಅದಕ್ಕೆ ಒಪ್ಪುವ ನದಿಯಲ್ಲ. ನಗರಾಡಳಿತ 1848ರಲ್ಲಿ ಬಂದರನ್ನು ತನ್ನ ಕೈಗೆ ತೆಗೆದುಕೊಂಡಿತ್ತು. ಅದರ ಎಂಜಿನಿಯರ್ ಥಾಮಸ್ ಹೊವಾರ್ಡ್ ಉತ್ತರದ ಕಡೆ ಇನ್ನೂ ದೊಡ್ಡ ಲಾಕ್ ಕಟ್ಟಿದ: 62 ಅಡಿ ಅಗಲ, 350 ಅಡಿ ಉದ್ದ, 1873ರಲ್ಲಿ ಸಿದ್ಧ. ಬ್ರೂನೆಲ್‌ನ ಸೇತುವೆಯನ್ನು ಎತ್ತಿ ಹೊಸ ಲಾಕ್‌ಗೆ ಹೊಂದಿಸಿ ಇಟ್ಟರು, ಹಳೆಯ ಲಾಕ್‌ಗೆ ಅದರದೇ ನಕಲೊಂದನ್ನು ಮಾಡಿಸಿದರು. ಇಪ್ಪತ್ನಾಲ್ಕು ವರ್ಷಕ್ಕೇ ಬ್ರೂನೆಲ್‌ನ ಲಾಕ್ ಹಿಂದೆ ಬಿತ್ತು. 1877ರಲ್ಲಿ ನದಿಯ ಬಾಯಲ್ಲೇ ಏವನ್‌ಮೌತ್ ಡಾಕ್ ತೆರೆದ ಮೇಲೆ ದೊಡ್ಡ ಹಡಗುಗಳು ಊರೊಳಗೆ ಬರುವ ಅಗತ್ಯವೇ ಕಡಿಮೆಯಾಯಿತು. ನಗರದ ಬಂದರಿನ ಸರಕು ಸಾಗಣೆ 1975ರಲ್ಲಿ ನಿಂತಿತು.

ಇಂದು ಅಲ್ಲಿ ಹೋದರೆ ಮೂರು ಕಾಲಗಳನ್ನು ಒಟ್ಟಿಗೆ ನೋಡಬಹುದು. ಹೊವಾರ್ಡ್‌ನ ಲಾಕ್ ಈಗಲೂ ಕೆಲಸ ಮಾಡುತ್ತಿದೆ. ಉಬ್ಬರ ಏರುವ ಸುಮಾರು ಮೂರು ಗಂಟೆಯಲ್ಲಿ ದೋಣಿಗಳನ್ನು ಒಳಗೆ, ಹೊರಗೆ ಬಿಡುತ್ತಾರೆ. ಅದರ ಮೇಲೆ 1965ರ ಪ್ಲಿಮ್ಸೋಲ್ ಸೇತುವೆ, ಅದೂ ಪಕ್ಕಕ್ಕೆ ತಿರುಗುವಂಥದ್ದೇ. ಅದರ ಕೆಳಗೆ ಕಟ್ಟೆಯ ಮೇಲೆ ಬ್ರೂನೆಲ್‌ನ ಸೇತುವೆ ಒಂದು ಬದಿಗೆ ತಿರುಗಿ ನಿಂತುಬಿಟ್ಟಿದೆ, ತುಕ್ಕು ಹಿಡಿದಿದೆ. ಸ್ವಲ್ಪ ದಕ್ಷಿಣಕ್ಕೆ ಬ್ರೂನೆಲ್‌ನ ಲಾಕ್. ಅಡ್ಡ ಕಟ್ಟಿ ಮುಚ್ಚಿರುವುದರಿಂದ ಹಡಗು ಹೋಗುವ ದಾರಿಯಲ್ಲ, ಕೋಣೆಯಲ್ಲಿ ಹೂಳು ತುಂಬಿದೆ. ಕಾನೂನು ಇವುಗಳನ್ನು ಕಾಪಾಡಬೇಕಾದ ಕಟ್ಟಡಗಳ ಪಟ್ಟಿಯಲ್ಲಿ ಇಟ್ಟಿದೆ. ಸೇತುವೆಯಂತೂ ಅಪಾಯದಲ್ಲಿರುವ ಪರಂಪರೆಯ ಪಟ್ಟಿಯಲ್ಲೂ ಇದೆ. ಸ್ವಯಂಸೇವಕರ ಗುಂಪೊಂದು ತುಕ್ಕು ಕೆರೆದು, ಬಣ್ಣ ಬಳಿದು, ಅದನ್ನು ಮತ್ತೆ ತಿರುಗುವಂತೆ ಮಾಡುವ ಆಸೆಯಿಂದ ವರ್ಷಗಳಿಂದ ದುಡಿಯುತ್ತಿದೆ.

ನನ್ನ ಅಭಿಪ್ರಾಯದಲ್ಲಿ ಪರಂಪರೆ ಉಳಿಸುವವರು ಕಲಿಯಬೇಕಾದ್ದು ಇಲ್ಲಿ ಕಣ್ಣೆದುರೇ ಇದೆ. ಎರಡು ಲಾಕ್‌ಗಳಲ್ಲಿ ಹೆಸರು ಬ್ರೂನೆಲ್‌ನದು, ಆರೋಗ್ಯ ಹೊವಾರ್ಡ್‌ನದು. ಹೊವಾರ್ಡ್‌ನ ಲಾಕ್ ಉಳಿದಿರುವುದು ಯಾರೋ ಅದನ್ನು ಗೌರವಿಸಿದ್ದರಿಂದಲ್ಲ, ಪ್ರತಿದಿನ ಅದರ ಗೇಟು ತೆರೆದು ಮುಚ್ಚಬೇಕಾದ್ದರಿಂದ. ಗೇಟು ತಿರುಗಿದಾಗ ಮೂಲೆಯ ಹೂಳು ಕದಲುತ್ತದೆ, ಸೋರಿಕೆ ಕಣ್ಣಿಗೆ ಬೀಳುತ್ತದೆ, ಸವೆದ ಭಾಗವನ್ನು ಬದಲಿಸುತ್ತಾರೆ. 1970ರಲ್ಲಿ ಫಾಕ್‌ಲೆಂಡ್ ದ್ವೀಪದಿಂದ ಶಿಥಿಲವಾಗಿ ಮರಳಿದ ಗ್ರೇಟ್ ಬ್ರಿಟನ್ ಹಡಗು ಜುಲೈ 5ರಂದು ನದಿಯಲ್ಲಿ ಮೇಲೇರಿ ಬೇಸಿನ್‌ಗೆ ಬಂದದ್ದು ಹೊವಾರ್ಡ್‌ನ ಲಾಕ್‌ನ ಮೂಲಕ. ಪಕ್ಕದಲ್ಲೇ ಇದ್ದ ಬ್ರೂನೆಲ್‌ನ ಲಾಕ್ ಆಗಲೇ ಮುಚ್ಚಿಹೋಗಿತ್ತು.

ಹಾಗೆಂದು ಹೂಳೆತ್ತಿಬಿಡಿ ಎಂದು ಹೇಳುವುದೂ ಸುಲಭವಲ್ಲ. ಲಾಕ್‌ನ ಗೋಡೆಗಳು ನೀರು ತುಂಬಿದ ಕೋಣೆಗೆ ಹೊಂದಿಕೊಂಡು ಕಟ್ಟಿದವು. ಒಳಗಿನ ನೀರೋ ಹೂಳೋ ಒತ್ತದಿದ್ದರೆ ಹೊರಗಿನ ಮಣ್ಣು ಅವನ್ನು ಒಳಕ್ಕೆ ತಳ್ಳುತ್ತದೆ. ಬಾಗಿದ ತಳ ಇನ್ನೂ ಗಟ್ಟಿಯಾಗಿದ್ದರೆ ತಡೆದೀತು, ಎಲ್ಲಾದರೂ ಬಿರುಕು ಬಿಟ್ಟಿದ್ದರೆ? ಅದನ್ನು ತಿಳಿಯಲು ಹೂಳು ತೆಗೆಯಬೇಕು, ಹೂಳು ತೆಗೆಯಲು ಅದನ್ನು ತಿಳಿದಿರಬೇಕು. ಇನ್ನೊಂದು ತೊಡಕೂ ಇದೆ. ಹೂಳಿನಡಿ ಗಾಳಿ ಹೋಗುವುದಿಲ್ಲ. ಮರ ಕೊರೆಯುವ ಹುಳುವಿಗೆ, ಮರ ಕೊಳೆಸುವ ಶಿಲೀಂಧ್ರಕ್ಕೆ ಆಮ್ಲಜನಕ ಬೇಕು. ಕಬ್ಬಿಣ ತುಕ್ಕು ಹಿಡಿಯಲೂ ಅದು ಬೇಕು. ಆದ್ದರಿಂದ ಕೆಸರಿನಲ್ಲಿ ಹೂತ ಹೊಸ್ತಿಲಿನ ಮರ, ತಿರುಗಣಿಯ ಲೋಹ ಶತಮಾನಗಟ್ಟಲೆ ಹಾಗೇ ಉಳಿಯಬಹುದು. ತೆರೆದಿಟ್ಟರೆ ಕೆಲವೇ ವರ್ಷಗಳಲ್ಲಿ ಹಾಳಾಗಬಹುದು. ಅತಿ ಹೆಚ್ಚು ಕೆಡುವುದು ಉಬ್ಬರ ಇಳಿತಗಳ ನಡುವಿನ ಪಟ್ಟಿ. ದಿನಕ್ಕೆರಡು ಸಲ ನೆನೆದು ಎರಡು ಸಲ ಒಣಗುವ ಕಲ್ಲಿನ ರಂಧ್ರಗಳಲ್ಲಿ ಉಪ್ಪು ಹರಳುಗಟ್ಟಿ ಕಲ್ಲನ್ನು ಒಳಗಿನಿಂದಲೇ ಸಿಡಿಸುತ್ತದೆ. ಅಲ್ಲಿಗೆ ಮೊದಲ ಕಾಳಜಿ ಬೇಕು. ಹೂಳಿನ ಮೇಲ್ಪದರವನ್ನು ಹಂತಹಂತವಾಗಿ ತೆಗೆದು, ಪ್ರತಿ ಹಂತದಲ್ಲೂ ಗೋಡೆಯ ಅಲುಗಾಟ ಅಳೆದು, ತಳದ ಹೂಳನ್ನು ಹಾಗೇ ಬಿಟ್ಟು, ಕೋಣೆಯಲ್ಲಿ ನೀರು ನಿಲ್ಲಿಸುವುದೇ ಸರಿ ಎಂದು ನನಗನ್ನಿಸುತ್ತದೆ. ನೀರಿಲ್ಲದ ಲಾಕ್ ಬರೀ ಕಲ್ಲಿನ ಹೊಂಡ. ಅದು ಹೇಗೆ ಕೆಲಸ ಮಾಡುತ್ತಿತ್ತು ಎಂದು ಯಾವ ಮಗುವಿಗೂ ಅದರಿಂದ ತಿಳಿಯುವುದಿಲ್ಲ.

ಸೇತುವೆಯ ಪ್ರಶ್ನೆ ಬೇರೆ. ಮೆದು ಕಬ್ಬಿಣವನ್ನು ಕಾಸಿ ಬಡಿದು ಉರುಳಿಸಿ ಮಾಡುವಾಗ ಅದರೊಳಗೆ ಕಿಟ್ಟದ ಎಳೆಗಳು ಉದ್ದಕ್ಕೆ ಸೇರಿಕೊಳ್ಳುತ್ತವೆ. ಕೆಡುವಾಗ ಅದು ಪುಡಿಯಾಗುವುದಿಲ್ಲ, ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ತುಕ್ಕು ಮೂಲ ಕಬ್ಬಿಣದ ಹಲವು ಪಟ್ಟು ಜಾಗ ಹಿಡಿಯುವುದರಿಂದ ಎರಡು ತಗಡುಗಳ ಸಂದಿನಲ್ಲಿ ಅದು ಬೆಳೆದರೆ ರಿವೆಟ್‌ಗಳನ್ನೇ ಎಳೆದು ಕಿತ್ತುಹಾಕುವಷ್ಟು ಬಲ ಬರುತ್ತದೆ. ಅಂಥ ಕಬ್ಬಿಣವನ್ನು ಇಂದು ಯಾವ ಕಾರ್ಖಾನೆಯೂ ದೊಡ್ಡ ಪ್ರಮಾಣದಲ್ಲಿ ತಯಾರಿಸುವುದಿಲ್ಲ. ಉಕ್ಕಿನ ತುಂಡು ಹಾಕಿ ತೇಪೆ ಹಚ್ಚಬೇಕೆ, ಹಳೆಯ ಕಬ್ಬಿಣವನ್ನು ಹುಡುಕಿ ತಂದು ಕರಗಿಸದೆ ಮತ್ತೆ ಬಡಿದು ಬಳಸಬೇಕೆ ಎಂಬುದು ಹಣದ ಪ್ರಶ್ನೆಯೂ ಹೌದು. ಸೇತುವೆ ಮೂಲ ಜಾಗದಲ್ಲಿಲ್ಲ, ಒಮ್ಮೆ ಬದಲಾಗಿದೆ, ಆದ್ದರಿಂದ ಅಪ್ಪಟವಲ್ಲ ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಎತ್ತಿ ಇಡಬಹುದಾದ, ಬದಲಿಸಬಹುದಾದ ಸೇತುವೆ ಮಾಡಿದ್ದೇ ಅದನ್ನು ಕಟ್ಟಿದವನ ಶಕ್ತಿ. ಹೊಸ ಲಾಕ್‌ನ ಮೇಲೆ ಅದು 1960ರ ದಶಕದವರೆಗೂ ಗಾಡಿಗಳನ್ನು ದಾಟಿಸಿತು.

ಹೆಚ್ಚುತ್ತಿರುವ ಸಮುದ್ರಮಟ್ಟ ಈ ಹಳೆಯ ಬಾಗಿಲುಗಳಿಗೆ ಹೊಸ ಕೆಲಸ ತಂದಿದೆ. ಮೂಲೆ ಚಾಚಿದ ಜೋಡಿ ಕದ ಒಂದೇ ದಿಕ್ಕಿನ ನೀರನ್ನು ತಡೆಯುತ್ತದೆ. ಬಂದರಿನ ನೀರು ಒತ್ತಿದರೆ ಬಿಗಿಯುತ್ತದೆ, ನದಿಯ ನೀರು ಬಂದರಿಗಿಂತ ಮೇಲೇರಿ ಹೊರಗಿನಿಂದ ಒತ್ತಿದರೆ ತೆರೆದುಕೊಳ್ಳುತ್ತದೆ. ದೊಡ್ಡ ಉಬ್ಬರದ ದಿನಗಳಲ್ಲಿ ಬ್ರಿಸ್ಟಲ್‌ನಲ್ಲಿ ಹೀಗಾಗುವುದುಂಟು. ಆಗ ಜಂಕ್ಷನ್ ಲಾಕ್‌ನಲ್ಲಿರುವ ವಿಶೇಷ ತಡೆಗೇಟುಗಳನ್ನು ಮುಚ್ಚಿ ಊರನ್ನು ಕಾಯುತ್ತಾರೆ. ಸಮುದ್ರ ಏರಿದಂತೆ ಅಂಥ ದಿನಗಳು ಹೆಚ್ಚುತ್ತವೆ, ಬಂದರಿನ ತೂಬುಗಳನ್ನು ತೆರೆದು ಹೂಳು ಕೊಚ್ಚಿಸಲು ಸಿಗುವ ಇಳಿತದ ಹೊತ್ತು ಕಡಿಮೆಯಾಗುತ್ತದೆ. ಬೇಸಿನ್‌ನ ಸುತ್ತಲ ಜಾಗವನ್ನು ಹೊಸದಾಗಿ ಕಟ್ಟುವ ಯೋಜನೆಯ ಬಗ್ಗೆ ನಗರದಲ್ಲಿ ವರ್ಷಗಳಿಂದ ಚರ್ಚೆ ನಡೆದಿದೆ. 1960ರ ದಶಕದ ರಸ್ತೆಗಳಿಗೂ ವಯಸ್ಸಾಗಿದೆ. ರಕ್ಷಣೆಯ ಗೆರೆಯನ್ನು ಒಳಗಿನ ಲಾಕ್‌ನಿಂದ ನದಿಯ ಅಂಚಿಗೆ ತರಬೇಕೆಂದು ಎಂದಾದರೂ ತೀರ್ಮಾನವಾದರೆ, ಎರಡೂ ದಿಕ್ಕಿನ ನೀರು ತಡೆಯುವ ಗೇಟುಗಳು ಹೊವಾರ್ಡ್‌ನ ಲಾಕ್‌ಗೆ ಬೇಕಾಗುತ್ತವೆ, ಬ್ರೂನೆಲ್‌ನ ಲಾಕ್‌ನ ಅಡ್ಡಗೋಡೆಯೂ ಅದೇ ಭಾರ ಹೊರಬೇಕಾಗುತ್ತದೆ. ಆ ಲಾಕ್‌ನ ಗೋಡೆ, ತಳ, ಹೂಳು ಇವುಗಳ ಸಮಗ್ರ ಅಳತೆಯನ್ನು ಪ್ರವಾಹದ ಲೆಕ್ಕ ಹಾಕುವ ಎಂಜಿನಿಯರುಗಳೂ ಪರಂಪರೆ ಕಾಯುವವರೂ ಒಟ್ಟಿಗೆ ಕೂತು ಮಾಡಿಸಬೇಕು, ಹೊಸ ಕಟ್ಟಡಗಳ ನಕ್ಷೆಗೆ ಒಪ್ಪಿಗೆ ಸಿಗುವ ಮುಂಚೆ.